ಅಜ್ಜಿಯರ ಕಡಲು

ಕಲ್ಲಿನ ಸುತ್ತುಗೋಡೆಯೊಳಗೆ ಬೆಂಕಿ ಹೊಗೆಯಾಡುತ್ತಿತ್ತು. ಅದರ ಸುತ್ತ ಕೂತು ರಬ್ಬರಿನ ಉಡುಪು ಎಳೆದುಕೊಳ್ಳುತ್ತಿದ್ದ, ಕಡಲಲ್ಲಿ ಮುಳುಗಿ ಚಿಪ್ಪು ಹೆಕ್ಕುವ ಹೆಂಗಸರ ನಡುವೆ ಮಿರಾನ್‌ಳ ಕಣ್ಣು ಅಮ್ಮ ಚುನ್‌ಸಿಮ್‌ಳ ಮೇಲೇ ಇತ್ತು. ಅವಳು ಮಂಜು ಕಟ್ಟದಿರಲೆಂದು ಮುಳುಗುಗನ್ನಡಕದ ಗಾಜಿಗೆ ಮಾಚಿಪತ್ರೆ ಸೊಪ್ಪು ತಿಕ್ಕುತ್ತಿದ್ದಳು.

ಈ ಊರಿನ ಕಡಲತಳ ಬೋಳಾಗಿ ವರ್ಷಗಳಾಗಿದ್ದವು. ಬಂಡೆಗಳ ಮೇಲೆ ಮತ್ತೆ ಕಡಲಕಳೆ ಬೆಳೆಸಬೇಕು, ಮೂರು ವರ್ಷ ಅಲ್ಲಿ ಯಾರೂ ಇಳಿಯಬಾರದು ಎಂಬುದು ಯೋಜನೆ. ಅದರಿಂದ ಯಾರಿಗೆ ನಷ್ಟ ಎಂದು ಪರಿಶೀಲಿಸುವುದು ಮಿರಾನ್‌ಳ ಕೆಲಸ. ತನ್ನದೇ ಊರು, ತಾನು ಬೇಡ ಎಂದು ಹೇಳಿಕೊಂಡರೂ ಜೇಜು ನಗರದ ಮೀನುಗಾರಿಕೆ ಕಚೇರಿಯವರು, ನಿಮ್ಮ ಹತ್ತಿರವಾದರೆ ಬಾಯಿ ಬಿಡುತ್ತಾರೆ ಎಂದು ಅವಳನ್ನೇ ಕಳಿಸಿದ್ದರು. ಆರಿಸಿದ್ದ ಜಾಗ ದಡದ ಪಕ್ಕದ ಆಳವಿಲ್ಲದ ನೀರು. ಆಳಕ್ಕೆ ಹೋಗಲಾಗದ ಮುದುಕಿಯರಿಗೆಂದೇ ತಲೆಮಾರುಗಳಿಂದ ಬಿಟ್ಟ ಅಜ್ಜಿಯರ ಕಡಲು. ಅದನ್ನು ಮುಚ್ಚಿದರೆ ಅವರು ಮನೆಯಲ್ಲಿ ಕೂರಬೇಕು, ಇಲ್ಲವೇ ಆಳಕ್ಕೆ ಹೋಗಬೇಕು. ಅಮ್ಮ ಮನೆಯಲ್ಲಿ ಕೂರುವವಳಲ್ಲ.

"ಅಜ್ಜಿಯರ ಕಡಲಿಗೆ ಯಾರ್ಯಾರು ಇಳೀತೀರಿ?" ಮಿರಾನ್ ಕೇಳಿದಳು.

ಒಂದು ಕೈಯೂ ಮೇಲೇಳಲಿಲ್ಲ.

"ನಂಗೇನು ವಯಸ್ಸಾಯ್ತೇನೇ?" ಎಂಬತ್ತು ದಾಟಿದ ಮಲ್‌ಸುನ್ ಮೂತಿ ತಿರುವಿದಳು. "ನಾನು ಹೋಗೋದು ಆಳಕ್ಕೇ."

"ನಾನೂ ಅಷ್ಟೆ," ಎಂದಳು ಓಕ್‌ಬುನ್.

"ಯಾರೂ ಇಲ್ಲ ಅಂತ ಬರ್ಕೋ," ಚುನ್‌ಸಿಮ್ ಗಾಜಿನಿಂದ ತಲೆ ಎತ್ತಲಿಲ್ಲ. "ಮುಚ್ಚಲಿ."

ಜೊತೆಗೆ ಬಂದಿದ್ದ ಹಿರಿಯ ಅಧಿಕಾರಿ ಬು ಅವರಿಗೆ ಹಾಯೆನಿಸಿತು. "ಮುಗೀತಲ್ಲ. ಊಟದ ಹೊತ್ತಿಗೆ ಹೊರಟುಬಿಡೋಣ."

ಮಿರಾನ್‌ಗೆ ಇದು ಮುಗಿದಂತೆ ಅನಿಸಲಿಲ್ಲ. ಇವರು ಯಾರೂ ತಮ್ಮ ಬಾಯಿಂದ ಮುದುಕಿ ಎಂದು ಒಪ್ಪುವವರಲ್ಲ.

"ಸರಿ, ನಿಮ್ಮ ವಿಷಯ ಬೇಡ. ಪಕ್ಕದಲ್ಲಿ ಕೂತೋರ ವಿಷಯ ಹೇಳಿ. ಆಳಕ್ಕೆ ಯಾರು ಹೋಗಬಾರದು?"

"ಇಗೋ, ಈ ಮಲ್‌ಸುನಕ್ಕ!" ಓಕ್‌ಬುನ್ ಎದ್ದೇ ನಿಂತಳು. "ಮೊನ್ನೆ ಬಂಡೆ ಅಂದ್ಕೊಂಡು ನನ್ನ ತಲೆ ಹಿಡ್ಕೊಂಡ್ಲು!"

"ನಿನ್ನ ತಲೆ ಇರೋದೇ ಹಾಗೆ, ನಾನೇನ್ ಮಾಡ್ಲಿ? ಬರ್ಕೊಳೇ ಮಿರಾನ್, ಇವಳಿಗೆ ಮೆಟ್ಲು ಇಳಿಯೋಕೇ ಇಬ್ರು ಬೇಕು. ಕಡಲಲ್ಲಿ ಮೀನು ಬಂದು ಕೈ ಹಿಡಿಯತ್ತಾ?"

ಬೆಂಕಿಯ ಸುತ್ತ ನಗು, ಬೈಗುಳ, ಬೆರಳು ತೋರಿಸುವುದು. ಹೆಸರುಗಳು ಒಂದೊಂದಾಗಿ ಬಂದವು. ಚುನ್‌ಸಿಮ್‌ಳ ಹೆಸರು ಮಾತ್ರ ಬರಲಿಲ್ಲ. ಇಷ್ಟು ಕಾಲ ಮುಂದಾಳಾಗಿದ್ದವಳು, ನೀನಿನ್ನು ದಡದ ಹತ್ತಿರ ಇರು ಎಂದು ಬೇರೆಯವರಿಗೆ ಹೇಳುತ್ತಿದ್ದವಳು. ಅವಳತ್ತ ಬೆರಳು ತೋರಿಸುವವರು ಯಾರು?

"ನಮ್ಮಮ್ಮನ್ನೂ ಬರ್ಕೋತೀನಿ," ಎಂದಳು ಮಿರಾನ್. "ಹೋದ ತಿಂಗಳು ನೀರಿಂದ ಮೇಲೆ ಬಂದಾಗ ದಡ ಯಾವ ಕಡೆ ಅಂತ ಅವಳಿಗೆ ತಿಳೀಲಿಲ್ಲ. ನಾನು ನೋಡಿದೀನಿ."

ಚುನ್‌ಸಿಮ್ ಈಗ ತಲೆ ಎತ್ತಿದಳು.

"ಕಚೇರಿಯೋಳಾಗಿ ಹೇಳ್ತಿದ್ದೀಯೋ, ಮಗಳಾಗೋ?"

"ಎರಡೂ ಆಗಿ, ಅಮ್ಮ."

ಚುನ್‌ಸಿಮ್ ನೀರಲ್ಲಿ ಹಿಡಿದು ಈಜುವ ಕಿತ್ತಳೆ ಬಣ್ಣದ ತೇಲುಚೆಂಡು ಹೆಗಲಿಗೇರಿಸಿ ಹೊರಟುಬಿಟ್ಟಳು. ಉಳಿದವರೂ ಮೆಲ್ಲಗೆ ಹಿಂದೆ ನಡೆದರು.

"ಹಾಗಾದ್ರೆ ಕಳೆ ನೆಡೋಕೆ ಬೇರೆ ಜಾಗ ನೋಡ್ಬೇಕು," ಬು ತಲೆ ಕೆರೆದುಕೊಂಡರು. "ಮೇಲಿನೋರು ಒಪ್ತಾರೋ ಇಲ್ವೋ."

ಮಿರಾನ್ ಆಗಲೇ ದಡಕ್ಕೆ ಓಡಿದ್ದಳು. ಅಮ್ಮನ ಕಿತ್ತಳೆ ಚೆಂಡು ಅಜ್ಜಿಯರ ಕಡಲು ದಾಟಿ, ಗಡಿಯ ಕರಿಬಂಡೆಯನ್ನೂ ದಾಟಿ ಹೋಗುತ್ತಿತ್ತು.

"ಚುನ್‌ಸಿಮಾ!" ಈಚೆ ನೀರಲ್ಲಿದ್ದ ಮಲ್‌ಸುನ್ ಕೂಗಿದಳು. "ಇಲ್ಲಿ ಹೇಳೋರು ಕೇಳೋರು ಯಾರೂ ಇಲ್ಲ! ಓಕ್‌ಬುನ್ ಮುಟ್ಟಬಾರ್ದ ಮರಿಚಿಪ್ಪನ್ನೆಲ್ಲ ಬಾಚ್ಕೋತಿದಾಳೆ!"

ಚೆಂಡು ನಿಂತಿತು. ಅದರ ಪಕ್ಕ ಅಮ್ಮನ ತಲೆ ಇರಲಿಲ್ಲ. ಮಿರಾನ್ ಉಸಿರು ಹಿಡಿದಳು. ಎದೆ ಉರಿಯತೊಡಗಿದರೂ ಬಿಡಲಿಲ್ಲ. ಆಮೇಲೆ ಆ ಸಿಳ್ಳೆ ಬಂತು, ನೀರಿಂದೆದ್ದವರು ಉಸಿರು ಬಿಡುವ ಸಿಳ್ಳೆ, ಕೊನೆಯಲ್ಲಿ ಸೀಳುವ ಅಮ್ಮನದೇ ಸಿಳ್ಳೆ.

ಚೆಂಡು ನಿಧಾನವಾಗಿ ಈಚೆಗೆ ತಿರುಗಿತು. ಕರಿಬಂಡೆ ದಾಟುವ ಮೊದಲೇ ಅಮ್ಮನ ಬೈಗುಳ ಕೇಳಿಸಿತು. "ಹಾಕೇ ಕೆಳಗೆ ಅದನ್ನ! ನಾಚಿಕೆ ಆಗಲ್ವಾ?"

ಮಿರಾನ್ ಉಸಿರು ಬಿಟ್ಟಳು. ಅಷ್ಟರಲ್ಲಿ ಅಮ್ಮ ಮತ್ತೆ ಮುಳುಗಿದಳು. ಮಿರಾನ್ ಮತ್ತೆ ಉಸಿರು ಹಿಡಿದಳು.