ಚೌಡಿ ತಿರುವು

ಆ ಬೈಕು ಮನೆಗೆ ಬಂದ ದಿನದಿಂದ ಅದರ ಸದ್ದು ಕೇಳಿದರೆ ಸಾಕು, ರಾಜೀವಿ ಮಾಡುತ್ತಿದ್ದ ಕೆಲಸ ಬಿಟ್ಟು ಅಂಗಳಕ್ಕೆ ಬರುತ್ತಿದ್ದಳು. ಮಗ ಚಿರಂತನ ಹುಬ್ಬಳ್ಳಿಯಲ್ಲಿ ಔಷಧ ಕಂಪನಿಯ ರೆಪ್ ಆಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ರಜೆಗೆ ಬರುವವನು ಬಸ್ಸಿನಲ್ಲಿ ಬರದೆ, ನೂರೆಂಬತ್ತು ಸಿಸಿಯ ಕಪ್ಪು ಬೈಕಿನ ಮೇಲೆ ಬಂದು ಭೈರುಂಬೆಯ ಮನೆಯ ಮುಂದೆ ಗರ್ರೆಂದು ನಿಲ್ಲಿಸಿದ್ದ. ದನ ಹಗ್ಗ ಕಿತ್ತುಕೊಂಡು ಓಡಿತ್ತು.

ರಾಜೀವಿಗೆ ಗಾಡಿ ಗೊತ್ತಿಲ್ಲದ್ದೇನಲ್ಲ. ಊರಿನ ಹೆಂಗಸರು ಗಂಡನ ಸೈಕಲ್ಲಿನ ಹಿಂದೆ ಕೂರಲೂ ನಾಚುತ್ತಿದ್ದ ಕಾಲದಲ್ಲೇ ಅವಳು ಸೆಕೆಂಡ್‌ಹ್ಯಾಂಡ್ ಲೂನಾ ಮೊಪೆಡ್ಡು ಓಡಿಸಲು ಕಲಿತವಳು. ಅವಳ ಕಸುಬು ತೊಡೆದೇವು. ಬೋರಲು ಹಾಕಿದ ಮಡಕೆಯನ್ನು ಒಲೆಯ ಮೇಲೆ ಕಾಯಿಸಿ, ಕಬ್ಬಿನ ಹಾಲಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆಯಲ್ಲಿ ಅದ್ದಿ ಅದರ ಬೆನ್ನಿಗೆ ಬಳಿದು, ಕಾಗದದಂತೆ ಎದ್ದು ಬಂದದ್ದನ್ನು ತುಪ್ಪ ಸವರಿ ಮಡಚಿ ಇಡುವ ಸಿಹಿ ಅದು. ಜೋರಾಗಿ ಉಸಿರು ಬಿಟ್ಟರೆ ಮುರಿಯುತ್ತದೆ. ಅಂಥದ್ದನ್ನು ತಗಡಿನ ಡಬ್ಬಿಗೆ ತುಂಬಿ, ಲೂನಾದ ಕ್ಯಾರಿಯರಿನ ಮೇಲೆ ಕಂಬಳಿ ಮಡಚಿ ಹಾಕಿ, ಡಬ್ಬಿ ಕಟ್ಟಿಕೊಂಡು ಶಿರಸಿ, ಸಿದ್ದಾಪುರ, ಯಲ್ಲಾಪುರದ ಮದುವೆಮನೆಗಳಿಗೆ ಅವಳೇ ಮುಟ್ಟಿಸುತ್ತಿದ್ದಳು. ಗಂಡ ಶಾಂತಾರಾಮ ಮದುವೆಮನೆಗಳ ಅಡುಗೆಯವನು. ಅವನು ಒಪ್ಪಿಕೊಂಡ ಮದುವೆಗೆಲ್ಲ ತೊಡೆದೇವು ಇವಳದೇ.

ರಸ್ತೆಯ ಹೊಂಡಗಳೆಲ್ಲ ಅವಳಿಗೆ ಬಾಯಿಪಾಠ. ಎಲ್ಲಿ ಪೆಡಲಿನ ಮೇಲೆ ಎದ್ದು ನಿಂತು ಕುಲುಕನ್ನು ಮೊಣಕಾಲಿಗೆ ತಗೊಳ್ಳಬೇಕು, ಯಾವ ಮೋರಿಗೆ ಮುಂಚೆ ಎಕ್ಸಲೇಟರ್ ಬಿಡಬೇಕು, ಎಲ್ಲಿ ಜಲ್ಲಿ ಎದ್ದಿದೆ, ಇವನ್ನೆಲ್ಲ ಅವಳು ಯೋಚಿಸುತ್ತಿರಲಿಲ್ಲ. ಮೈ ತಾನೇ ಮಾಡುತ್ತಿತ್ತು.

ಆ ಸಲದ ಯಲ್ಲಾಪುರದ ಮದುವೆ ದೊಡ್ಡದು. ಒಂದು ಲೂನಾಕ್ಕೆ ಹಿಡಿಸದಷ್ಟು ತೊಡೆದೇವು.

"ಆಯಿ, ನೀ ಮನೇಲಿರು. ಎಲ್ಲ ಡಬ್ಬಿನೂ ಬೈಕಲ್ಲಿ ಆನೇ ತಗಂಡು ಹೋಗ್ತೆ," ಅಂದ ಚಿರಂತನ.

"ಎಲ್ಲ ನಿನ್ನ ಕೈಲಿ ಕೊಟ್ರೆ ಅಲ್ಲಿ ತೊಡೆದೇವಿನ ಪುಡಿ ಬಡಸವು ಅಷ್ಟೆ. ಒಂದು ಡಬ್ಬಿ ತಗ. ಉಳಿದದ್ದು ಎಂಗಿರ್ಲಿ."

"ನಿನ್ನ ಲೂನಾಕ್ಕೆ ಚಡಾವು ಬಂದ್ರೆ ಪೆಡಲ್ ತುಳಿಯವು. ಗಾಡಿನಾ ಅದು, ಹೊಲಿಗೆ ಮಷಿನ್ನಾ?"

"ಹೊಲಿಗೆ ಮಷಿನ್ನೇ. ಇಷ್ಟು ವರ್ಷದಲ್ಲಿ ಆ ಮಷಿನ್ ಮೇಲೆ ಒಂದು ತೊಡೆದೇವು ಮುರಿದಿದ್ದಿಲ್ಲೆ."

ಅವನು ನಕ್ಕು ಡಬ್ಬಿಯನ್ನು ಹಿಂದಿನ ಸೀಟಿಗೆ ರಬ್ಬರು ಪಟ್ಟಿಯಿಂದ ಬಿಗಿದ. "ನೀ ಅಲ್ಲಿ ಮುಟ್ಟೋದ್ರೊಳಗೆ ಆನು ತಿಂಡಿ ತಿಂದು ಒಂದು ನಿದ್ದೆ ಮುಗಿಸಿರ್ತೆ ನೋಡು."

"ನಿಧಾನ ಹೋಗು ತಮಾ. ಚೌಡಿ ಹತ್ರ ಹಾರ್ನ್ ಹೊಡಿ."

"ಚೌಡಿಗೆ ಕಿವಿ ಕೇಳ್ತಾ ಆಯಿ?"

ಉತ್ತರ ಕೊಡುವಷ್ಟರಲ್ಲಿ ಬೈಕು ಅಂಗಳದ ಬಾಗಿಲಿನ ದಣಪೆ ದಾಟಿತ್ತು. ಅವಳು ಲೂನಾವನ್ನು ತುಳಿದು ಚಾಲೂ ಮಾಡಿ ಡಾಂಬರು ರಸ್ತೆಗೆ ಬರುವಾಗ ಮುಂದೆ ಬರೀ ಧೂಳು. ಸ್ವಲ್ಪ ದೂರ ಅದರ ಸದ್ದು ಕಾಡಿನೊಳಗಿನಿಂದ ಕೇಳಿಸುತ್ತಿತ್ತು. ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ಆಮೇಲೆ ಅದೂ ಕೇಳಿಸಲಿಲ್ಲ.

ಮಂಚಿಕೇರಿಗೆ ಮೊದಲು ಒಂದು ಉದ್ದದ ಇಳುಕಲು ಸಿಗುತ್ತದೆ. ಅದರ ನಡುವಿನಲ್ಲಿ, ಬಲಗಡೆಯ ಮಣ್ಣಿನ ಧರೆಗೆ ಒರಗಿದ ಮರದ ಬುಡದಲ್ಲಿ, ದಾರಿ ಕಾಯುವ ದೇವಿ ಚೌಡಿಯ ಕಲ್ಲು. ಬಳೆ, ಗಂಟೆ, ಒಣಗಿದ ಹೂವು. ಎಡಗಡೆ ಆಳದ ಕಣಿವೆ. ಆ ದಾರಿಯಲ್ಲಿ ಹೋಗುವ ಯಾವ ಗಾಡಿಯೂ ಅಲ್ಲಿ ಹಾಗೇ ದಾಟುವುದಿಲ್ಲ. ಬಸ್ಸಿನವರು ಗೇರು ಇಳಿಸಿ ಹಾರ್ನ್ ಹೊಡೆಯುತ್ತಾರೆ. ಬೈಕಿನವರು ಬಲಗೈ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಬಲಗೈ ಎತ್ತಿದರೆ ಎಕ್ಸಲೇಟರ್ ತಾನಾಗಿ ಇಳಿಯುತ್ತದೆ, ಗಾಡಿ ತೆವಳುತ್ತದೆ. ರಾಜೀವಿಯೂ ಎಂದಿನಂತೆ ನಡಿಗೆಯ ವೇಗಕ್ಕೆ ಇಳಿಸಿ, ಕೀಂ ಎಂದು ಹಾರ್ನ್ ಒತ್ತಿ, ಮುಖವನ್ನು ಬಲಕ್ಕೆ ತಿರುಗಿಸಿದಳು. ಅವನನ್ನು ಸುಖವಾಗಿ ಮುಟ್ಟಿಸು ತಾಯಿ ಅಂದುಕೊಂಡು ಒಂದು ಗಳಿಗೆ ಕಣ್ಣು ಮುಚ್ಚಿದಳು. ಮುಚ್ಚುವ ಮೊದಲು ಎಡಗಡೆಯ ಅಂಚಿನಲ್ಲಿ ನಾಲ್ಕಾರು ಮಂಗಗಳು ಕೂತದ್ದು ಅರೆಗಣ್ಣಿಗೆ ಬಿದ್ದಿತ್ತು. ರಸ್ತೆಯ ಮೇಲೆ ತರಗೆಲೆ ಚೆಲ್ಲಿತ್ತು, ಒಂದು ಮಂಗನ ಕೈಯಲ್ಲೂ ಒಂದು ತರಗೆಲೆ. ಮಾಗಿ ಕಳೆಯುವ ಕಾಲ, ಎಲೆ ಉದುರುವುದೇ ಅಲ್ಲವೇ ಅಂತ ಅವಳು ಮುಂದೆ ಹೋದಳು.

ಯಲ್ಲಾಪುರದ ಮದುವೆಮನೆಯ ಹಿತ್ತಲಲ್ಲಿ ಶಾಂತಾರಾಮ ಬೆವರು ಒರೆಸಿಕೊಳ್ಳುತ್ತ ಸಾರಿನ ಹಂಡೆ ತಿರುವುತ್ತಿದ್ದ. ಮದುಮಗಳ ಸೋದರತ್ತೆ ಪರಿಮಳಾ ಓಡಿಬಂದು ಡಬ್ಬಿಯ ಮುಚ್ಚಳ ತೆಗೆದು, "ಅಯ್ಯೋ ರಾಜೀವಕ್ಕಾ, ಒಂದೂ ಮುರಿದಿದ್ದಿಲ್ಲೆ! ತಲೆ ಮೇಲೆ ಹೊತ್ಕಂಡು ಬಂದ್ಯನೇ?" ಅಂದಳು.

ರಾಜೀವಿ ನಗುತ್ತ ಸುತ್ತ ನೋಡಿದಳು. ಕಪ್ಪು ಬೈಕು ಕಾಣಲಿಲ್ಲ.

"ನಮ್ಮ ಮಾಣಿ ಎಲ್ಲಿ?" ಅಂತ ಕೇಳಿದ್ದು ಅವಳಲ್ಲ, ಗಂಡ.

ಅವಳು ಡಬ್ಬಿಯಿಂದ ಬಿಚ್ಚಿದ ಹಗ್ಗವನ್ನು ಬಿಟ್ಟು ಅವನ ಹತ್ತಿರ ಬಂದಳು. "ಅಂವ ಇನ್ನೂ ಬೈಂದ್ನಿಲ್ಯಾ?"

"ಇಲ್ಲೆ. ನಿನ್ನ ಹಿಂದಿದ್ದ ಅಂತ ಆನು ಅಂದ್ಕಂಡಿ."

"ಮುಂದೆ ಬಂದವ ಅಂವ. ಎನ್ನಕಿಂತ ಎಷ್ಟೋ ಮುಂದೆ."

ಶಾಂತಾರಾಮ ಸೌಟು ಹಿಡಿದುಕೊಂಡೇ ನಿಂತ. "ಮಂಚಿಕೇರಿಲಿ ಯಾರೋ ದೋಸ್ತ ಸಿಕ್ಕಿಕ್ಕು ಮಾರಾಯ್ತಿ. ಚಾ ಕುಡಿತಿಕ್ಕು," ಅಂದ. ದನಿ ಮಾತ್ರ ಹಾಗೆ ಹೇಳುತ್ತಿರಲಿಲ್ಲ.

ಆಗ ಆ ಕಾಡಿನ ದಾರಿಯಲ್ಲಿ ಮೊಬೈಲು ಹಿಡಿದವರಿಗೂ ಸಿಗ್ನಲ್ ಇರಲಿಲ್ಲ. ಮದುವೆಮನೆಯ ಫೋನಿನಿಂದ ಭೈರುಂಬೆಯಲ್ಲಿ ತಮ್ಮ ಪಕ್ಕದ ಮನೆಗೆ ಮಾಡಿ ಕೇಳಿದರು. ಬೈಕು ತಿರುಗಿ ಬಂದಿಲ್ಲವಂತೆ. ರಾಜೀವಿಗೆ ಒಂದು ವಿಷಯ ತಲೆಯಲ್ಲಿ ಕೂತು ಏಳಲೊಲ್ಲದು. ದಾರಿ ಒಂದೇ. ಅವನು ಮುಂದೆ, ತಾನು ಹಿಂದೆ. ಹಾಗಿದ್ದರೆ ಎಲ್ಲೋ ಒಂದು ಕಡೆ ತಾನು ಅವನನ್ನು ದಾಟಿ ಬಂದಿದ್ದೇನೆ. ಕಾಣದೆ ದಾಟಬೇಕಾದರೆ ಅವನು ರಸ್ತೆಯ ಮೇಲೆ ಇಲ್ಲ.

"ಆನೂ ಬತ್ತೆ ತಡೆ," ಅಂದ ಗಂಡ.

"ಇಬ್ರು ಕೂತ್ರೆ ಲೂನಾ ಚಡಾವು ಹತ್ತತಿಲ್ಲೆ. ನಿಂಗ ಜೀಪು ಮಾಡ್ಕಂಡು ಬನ್ನಿ."

ಬಂದ ದಾರಿಯಲ್ಲೇ ತಿರುಗಿ ಹೊರಟಳು. ಅದೇ ಗಾಡಿ, ಅದೇ ರಸ್ತೆ, ಆದರೆ ಕೈಗಳು ಅವಳವಾಗಿರಲಿಲ್ಲ. ಹೊಂಡ ಬಂದಾಗ ಎದ್ದು ನಿಲ್ಲಲು ಮರೆತು ಬೆನ್ನಿಗೆ ಹೊಡೆತ ತಿಂದಳು. ಎಕ್ಸಲೇಟರನ್ನು ಕೊನೆಯವರೆಗೆ ತಿರುಚಿ ಹಿಡಿದಿದ್ದಳು; ಲೂನಾ ಕಿರುಚಿಕೊಂಡು ಓಡಿದರೂ ಇದ್ದಲ್ಲೇ ನಿಂತ ಹಾಗೆ ಅನ್ನಿಸುತ್ತಿತ್ತು. ಒಂದು ತಿರುವಿನಲ್ಲಿ ಎದುರಿಗೆ ಬಂದ ಬಸ್ಸು ಕಂಡು ಬ್ರೇಕು ಒತ್ತಿದ ರಭಸಕ್ಕೆ ಹಿಂದಿನ ಗಾಲಿ ಮಣ್ಣಿನಲ್ಲಿ ಜಾರಿತು. ಎರಡೂ ಕಾಲು ನೆಲಕ್ಕೆ ಕೊಟ್ಟು ಹೇಗೋ ನಿಂತಳು. ಇಷ್ಟು ವರ್ಷ ಕಲಿತದ್ದು ಹೆದರಿಕೆ ಹೊಕ್ಕ ಗಳಿಗೆಗೆ ಮೈಯಿಂದ ಇಳಿದು ಹೋಗಿತ್ತು. ಹಿಂದೆ ಖಾಲಿ ಡಬ್ಬಿಗಳು ಲಟಲಟ ಬಡಿದುಕೊಳ್ಳುತ್ತಿದ್ದವು.

ಮೋರಿ ಕಂಡಲ್ಲೆಲ್ಲ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದಳು. ಕಪ್ಪು ಬಂಡೆಗಳೆಲ್ಲ ಬೈಕಿನಂತೆ ಕಾಣುತ್ತಿದ್ದವು. ಯಾರೋ ಒಣಗಲು ಹಾಕಿದ ಅಂಗಿ ಕಂಡು ಅವಳ ಬಾಯಿಂದ ಮಾತು ಬಾರದೆ ಒಂದು ದನಿ ಹೊರಟಿತು.

ಮಂಚಿಕೇರಿಯ ಚಾದಂಗಡಿಯ ಗಣಪ ಅವಳನ್ನು ಬಲ್ಲವನು.

"ಗಣಪಾ, ನನ್ನ ಮಗ ಕಪ್ಪು ಬೈಕಲ್ಲಿ ಹೋಗಿದ್ದು ಕಂಡ್ಯನಾ?"

"ಇಲ್ಲ ಅಮ್ಮಾ. ಬೆಳಿಗ್ಗಿಂದ ಇಲ್ಲೇ ಕೂತಿದ್ದೆ. ಅಂಥ ಸದ್ದು ಮಾಡೋ ಗಾಡಿ ಹೋಗಿದ್ರೆ ಗೊತ್ತಾಗ್ದೆ ಇರ್ತದಾ?"

ಹಾಗಾದರೆ ಇಲ್ಲಿಯವರೆಗೂ ಬಂದಿಲ್ಲ. ಉಳಿದದ್ದು ಆ ಇಳುಕಲು. ತಿರುಗಿ ಹೋಗುವಾಗ ಅದು ಚಡಾವು. ಲೂನಾ ಏದುಸಿರು ಬಿಡತೊಡಗಿತು. ಅವಳು ಪೆಡಲು ತುಳಿದಳು. ಸೀರೆಯ ನೆರಿಗೆ ಚೈನಿಗೆ ತಾಗಿ ಹರಿಯಿತು, ನೋಡಲಿಲ್ಲ. ಹೊಲಿಗೆ ಮಷಿನ್ನಾ ಅಂತ ಅವನು ಕೇಳಿದ್ದು ಕಿವಿಯಲ್ಲಿ ತಿರುಗುತ್ತಿತ್ತು. ಅದೇ ಅವನ ಕೊನೆಯ ತಮಾಷೆಯಾಗಿಬಿಟ್ಟರೆ?

ಚೌಡಿಯ ಹತ್ತಿರ ಬಂದಾಗ ಮಂಗಗಳು ಇನ್ನೂ ಅಲ್ಲೇ ಇದ್ದವು. ಈ ಸಲ ಚೌಡಿ ಇರುವುದು ಎಡಕ್ಕೆ, ಕಣಿವೆ ಬಲಕ್ಕೆ. ಅಭ್ಯಾಸಬಲದಿಂದ ಮುಖ ಚೌಡಿಯ ಕಡೆಗೇ ತಿರುಗುತ್ತಿತ್ತು; ಅಷ್ಟರಲ್ಲಿ ಒಂದು ದೊಡ್ಡ ಮಂಗ ರಸ್ತೆಗೆ ಅಡ್ಡ ಬಂದು ಅವಳನ್ನೇ ನೋಡುತ್ತ ಕೈಯಲ್ಲಿದ್ದದ್ದನ್ನು ಬಾಯಿಗೆ ಇಟ್ಟಿತು. ಕರುಂ ಅಂದಿತು.

ಎಲೆ ಹಾಗೆ ಕರುಂ ಅನ್ನುವುದಿಲ್ಲ. ಎಲೆಗೆ ನಾಲ್ಕು ಮಡಿಕೆ ಇರುವುದಿಲ್ಲ.

ಅವಳು ಲೂನಾವನ್ನು ನಿಲ್ಲಿಸಲಿಲ್ಲ, ಬಿಟ್ಟುಬಿಟ್ಟಳು. ಅದು ಹಾಗೇ ಮಗುಚಿತು. ರಸ್ತೆಯ ಮೇಲೆ ಬಿದ್ದಿದ್ದ ತರಗೆಲೆಯಲ್ಲಿ ಅರ್ಧಕ್ಕರ್ಧ ಅವಳೇ ಒಲೆಯ ಮುಂದೆ ಕೂತು ಎತ್ತಿದ ತೊಡೆದೇವು. ಅಂಚಿನ ಹುಲ್ಲು ಸೀಳಿ ಕೆಳಕ್ಕೆ ಒಂದು ಗೆರೆ ಹೋಗಿತ್ತು. ಅದರ ಕೆಳಗೆ ಬಿದಿರ ಮಟ್ಟಿ, ಅದರಾಚೆ ಏನೂ ಕಾಣದು.

"ತಮಾ!"

ಕಣಿವೆ ಅವಳ ದನಿಯನ್ನೇ ತಿರುಗಿ ಕೊಟ್ಟಿತು. ಮತ್ತೆ ಕೂಗಲು ಹೆದರಿಕೆ. ಕೂಗಿದರೆ, ಉತ್ತರ ಬರದಿದ್ದರೆ, ಗೊತ್ತಾಗಿಹೋಗುತ್ತದೆ. ಕೂಗದಿದ್ದರೆ ಇನ್ನೂ ಗೊತ್ತಾಗಿಲ್ಲ. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಹಾಗೇ ನಿಂತಳು.

ಮೇಲಿನಿಂದ ಒಂದು ಲಾರಿ ಬಂತು. ಚೌಡಿಗೆ ಅಂತ ವೇಗ ಇಳಿಸಿ ಹಾರ್ನ್ ಹೊಡೆಯಿತು. ರಸ್ತೆಯಲ್ಲಿ ಮಗುಚಿದ ಲೂನಾ ಕಂಡು ಡ್ರೈವರು ಇಳಿದು ಬಂದ. ದಾಸನಕೊಪ್ಪದ ಕಡೆಯ ಮಡಿವಾಳಪ್ಪ ಅಂತ ಹೆಸರು. ಅದು ಅವಳಿಗೆ ತಿಳಿದದ್ದು ಆಮೇಲೆ.

"ಯವ್ವಾ, ಏನಾತ್ರಿ? ಬಿದ್ರೇನು?"

ಅವಳು ಕೆಳಗೆ ಬೆರಳು ಮಾಡಿದಳು. "ಮಗ."

ಅವನು ತಿರುಗಿ ಓಡಿದ. ಲಾರಿಯ ಹಗ್ಗ ತಂದು ಮರಕ್ಕೆ ಕಟ್ಟಿ, "ನೀವು ಅಲ್ಲೇ ನಿಂದರ್ರಿ. ಇಳೀಬ್ಯಾಡ್ರಿ. ನಿಮ್ಮನ್ನೂ ಎತ್ತೂದು ನನ್ನಿಂದ ಆಗೂದಿಲ್ಲ," ಅಂದು ಕೆಳಗಿಳಿದ. ಬಿದಿರು ಲಟಕ್ಕೆಂದಿತು. ಕಲ್ಲು ಉರುಳಿದವು. ಆಮೇಲೆ ಎಲ್ಲ ಸುಮ್ಮನಾಯಿತು. ಆ ನಿಶ್ಶಬ್ದ ಎಷ್ಟು ಹೊತ್ತಿತ್ತೋ, ರಾಜೀವಿಯ ಪಾಲಿಗೆ ಅದು ಇನ್ನೂ ಪೂರ್ತಿ ಮುಗಿದಿಲ್ಲ.

"ಹುಡುಗ ಅದಾನ್ರೀ! ಉಸರ ಐತಿ! ಕಾಲು ಮುರದೈತಿ, ಬಿದಿರಾಗ ಸಿಕ್ಕೊಂಡಾನ!"

ಅವಳು ರಸ್ತೆಯ ಮೇಲೇ ಕೂತುಬಿಟ್ಟಳು. ಮಂಗಗಳು ಅವಳ ಸುತ್ತಲೇ ತೊಡೆದೇವು ಹೆಕ್ಕುತ್ತಿದ್ದವು.

ಜೀಪಿನಲ್ಲಿ ಶಾಂತಾರಾಮ ಮತ್ತು ಮದುವೆಮನೆಯ ನಾಲ್ಕು ಜನ ಬಂದು ಮುಟ್ಟಿದ ಮೇಲೆ ಎಲ್ಲರೂ ಸೇರಿ ಕಂಬಳಿಯಲ್ಲಿ ಅವನನ್ನು ಎತ್ತಿದರು. ಶಿರಸಿಯ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಮಗನ ತಲೆ ಅವಳ ತೊಡೆಯ ಮೇಲಿತ್ತು. ಮುಖದ ಮೇಲೆ ಗೀರು, ತುಟಿ ಒಡೆದಿತ್ತು.

"ತಿರುವು ಮುಗೀತು ಅಂತ ಆನು ಅಂದ್ಕಂಡಿದ್ದಿ ಆಯಿ," ಅಂದ ನಿಧಾನಕ್ಕೆ. "ಗಾಡಿ ಜೋರು ಮಾಡಿಬಿಟ್ಟಿ. ನೋಡಿದ್ರೆ ತಿರುವು ಮತ್ತೆ ಒಳಗೆ ಮಡಚ್ತು. ಬ್ರೇಕು ಹಿಡಿದ್ರೆ ಎಲೆ ಮೇಲೆ ಜಾರಿ ಹೋತು."

ರಾಜೀವಿ ಸೆರಗಿನಿಂದ ಅವನ ತುಟಿ ಒರೆಸಿದಳು. ಆ ತಿರುವು ಹಾಗೆ ಮಡಚಿಕೊಳ್ಳುತ್ತದೆ ಅನ್ನುವುದು ಅವಳಿಗೂ ಗೊತ್ತಿರಲಿಲ್ಲ. ಅಲ್ಲಿ ಯಾವತ್ತೂ ಯಾರೂ ಜೋರಾಗಿ ಹೋದವರಿಲ್ಲ. ಎಲ್ಲರೂ ಚೌಡಿಗೆ ಕೈ ಎತ್ತುತ್ತಿದ್ದರು, ಗಾಡಿ ತಾನಾಗಿ ತೆವಳುತ್ತಿತ್ತು, ತಿರುವು ಗೊತ್ತೇ ಆಗದೆ ಕಳೆದುಹೋಗುತ್ತಿತ್ತು. ತನ್ನದು ರಸ್ತೆಯ ಜ್ಞಾನ ಅಂತ ಅವಳು ತಿಳಿದಿದ್ದಳು. ಆ ಒಂದು ಜಾಗದಲ್ಲಿ ಅದು ಬರೀ ರೂಢಿಯಾಗಿತ್ತು. ಹಾರ್ನ್ ಹೊಡಿ ಅಂದಿದ್ದಳೇ ಹೊರತು ತಿರುವಿದೆ ಅಂದಿರಲಿಲ್ಲ.

"ಆಯಿ."

"ಮಾತಾಡಡ. ಸುಮ್ನೆ ಮಲಗು."

"ನಿನ್ನ ಲೂನಾ ಬಂದಿದ್ದು ಕೇಳ್ತು. ಹಾರ್ನ್ ಹೊಡೆದಿದ್ದೂ ಕೇಳ್ತು. ಆನು ಕೂಗ್ದಿ. ದನಿ ಏಳಲ್ಲೆ."

ಅವನು ಅದನ್ನು ದೂರಿನಂತೆ ಹೇಳಲಿಲ್ಲ, ಸುಮ್ಮನೆ ಹೇಳಿದ. ಮತ್ತೆ ಕಣ್ಣು ಮುಚ್ಚಿದ. ಶಾಂತಾರಾಮ ಮುಂದಿನ ಸೀಟಿನಿಂದ ತಿರುಗಿ ಹೆಂಡತಿಯ ಮುಖ ನೋಡಿ, ಮುಂದಕ್ಕೆ ತಿರುಗಿ ಕೂತ.

ಕಾಲು ಕೂಡಿತು. ಬೈಕು ಕಣಿವೆಯಿಂದ ತಗಡಿನ ಮುದ್ದೆಯಾಗಿ ಮೇಲೆ ಬಂತು. ಚಿರಂತನ ಕುಂಟುತ್ತ ಹುಬ್ಬಳ್ಳಿಗೆ ತಿರುಗಿ ಹೋದ. ಮುಂದಿನ ವರ್ಷ ಕಬ್ಬು ಅರೆಯುವ ಹೊತ್ತಿಗೆ ರಾಜೀವಿ ಮತ್ತೆ ಡಬ್ಬಿ ಕಟ್ಟಿಕೊಂಡು ಯಲ್ಲಾಪುರಕ್ಕೆ ಹೊರಟಳು. ಹೊರಡದೆ ನಡೆಯುವುದಿಲ್ಲ.

ಚೌಡಿ ತಿರುವಿನಲ್ಲಿ ಈಗ ಅವಳು ಪೂರ್ತಿ ನಿಲ್ಲುತ್ತಾಳೆ. ಇಂಜಿನ್ ಬಂದ್ ಮಾಡುತ್ತಾಳೆ. ಚೌಡಿಗೆ ಬೆನ್ನು ಹಾಕಿ ಮೊದಲು ಅಂಚಿಗೆ ಹೋಗಿ, ಬಿದಿರ ಮಟ್ಟಿಯ ಕಡೆಗೆ ಬಗ್ಗಿ, ಉಸಿರು ಹಿಡಿದು ಕಿವಿಗೊಡುತ್ತಾಳೆ. ಗಾಳಿಗೆ ಬಿದಿರು ಕಿರುಗುಟ್ಟಿದರೂ ಮತ್ತೊಮ್ಮೆ ಬಗ್ಗಿ ನೋಡುತ್ತಾಳೆ. ಯಾರೂ ಕೂಗುತ್ತಿಲ್ಲ ಅಂತ ಖಾತ್ರಿಯಾದ ಮೇಲೆಯೇ ಅವಳು ತಿರುಗಿ ಬಂದು, ಲೂನಾ ಚಾಲೂ ಮಾಡಿ, ಹಾರ್ನ್ ಹೊಡೆಯುವುದು.