ಇದು ಅವರದೇ ವರದಿಯೇ?

"ಬಹಳ ಒಳ್ಳೆಯ ಸುದ್ದಿ" ಎಂಬ ಮಾತು ಕಣ್ಣಿಗೆ ಬಿದ್ದದ್ದೇ ತಡ, ತಕ್ಕಡಿ ಮಾಸ್ತರರು ಮುಂದೆ ಓದಲಾರದೆ ಮೊಬೈಲನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿದರು. ಎದುರಿನ ಮೇಜಿನ ಮೇಲೆ ರಿಪೇರಿಗೆ ಬಂದ ತರಕಾರಿ ಅಂಗಡಿಯವನ ತಕ್ಕಡಿ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಅದರ ತಿರುಪುಗಳು ಒಂದು ಡಬ್ಬಿಯ ಮುಚ್ಚಳದಲ್ಲಿದ್ದವು. "ದೇವರೇ, ನೀನು ದೊಡ್ಡವನು" ಎಂದು ತುಟಿಯೊಳಗೇ ಹೇಳಿಕೊಂಡು, ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದರು.

'ಬಹಳ ಒಳ್ಳೆಯ ಸುದ್ದಿ. ಹಿಂದಿನ ವರದಿಗೆ ಹೋಲಿಸಿದರೆ ಕ್ರಿಯಾಟಿನಿನ್ ತುಂಬ ಇಳಿದಿದೆ. ಈಗ ಸಹಜ ಮಿತಿಯೊಳಗೇ ಇದೆ. ಚಿಕಿತ್ಸೆ ಫಲ ಕೊಟ್ಟಂತೆ ಕಾಣುತ್ತದೆ.'

"ಕೇಳಿದೆಯೇನೇ?" ಎಂದು ಕರೆಯಲು ಅವರ ಬಾಯಿ ತೆರೆದೂ ಬಿಟ್ಟಿತ್ತು. ಕತ್ತು ಅಡುಗೆಮನೆಯ ಕಡೆ ತಿರುಗಿತ್ತು. ಅಲ್ಲಿ ಬೆಳಿಗ್ಗೆ ತೊಳೆದಿಟ್ಟ ಪಾತ್ರೆಗಳು ಬೋರಲು ಬಿದ್ದಿದ್ದವೇ ಹೊರತು ಯಾರೂ ಇರಲಿಲ್ಲ. ಹೆಂಡತಿ ಹೋಗಿ ವರ್ಷವಾಗಿತ್ತು. ಮಾಸ್ತರರು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡರು.

ಆಕೆಗೆ ಮೂತ್ರಪಿಂಡದ ಕಾಯಿಲೆ; ಅದು ಕೆಟ್ಟಷ್ಟೂ ರಕ್ತದಲ್ಲಿ ಈ ಕ್ರಿಯಾಟಿನಿನ್ ಏರುತ್ತದೆ. ಮಲಗಿದ್ದಷ್ಟು ಕಾಲವೂ ರಕ್ತಪರೀಕ್ಷೆಯ ಅಂಕೆಗಳನ್ನೆಲ್ಲ ಮಾಸ್ತರರು ಈ ಮೊಬೈಲಿನ ಎಐಗೆ ಬರೆದು, ಯಾವುದು ಹೆಚ್ಚು ಯಾವುದು ಕಡಿಮೆ ಎಂದು ಕೇಳಿ ತಿಳಿಯುತ್ತಿದ್ದರು. ಆಕೆ ಅದಕ್ಕೆ ಕಾಂಪೌಂಡರ್ ಎಂದು ಹೆಸರಿಟ್ಟಿದ್ದಳು. "ಏನಂತಾನ್ರೀ ನಿಮ್ಮ ಕಾಂಪೌಂಡರು? ಉಪ್ಪು ತಿನ್ನೋಕೆ ಬಿಡ್ತಾನೋ ಇಲ್ವೋ?" ಎಂದು ಮಂಚದಿಂದಲೇ ಕೇಳುತ್ತಿದ್ದಳು. ಆಕೆ ಹೋದ ಮೇಲೆ ಮಾಸ್ತರರು ಅದರ ತಂಟೆಗೇ ಹೋಗಿರಲಿಲ್ಲ. ನೆಂಟರಿಗೆ, ನೆರೆಯವರಿಗೆ ಸಾವಿನ ಸುದ್ದಿ ಹೇಳಿದ್ದರು. ಕಾಂಪೌಂಡರನಿಗೆ ಯಾರು ಹೇಳುತ್ತಾರೆ?

ಈಗ ಮಗಳು ಆರು ತಿಂಗಳ ಬಸುರಿ. ತಾಯಿಯ ಕಾಯಿಲೆಯ ವಿಷಯ ಕೇಳಿದ ಡಾಕ್ಟರಮ್ಮ, ಮಗಳ ರಕ್ತವನ್ನೂ ಒಮ್ಮೆ ನೋಡಿಬಿಡೋಣ ಎಂದು ಚೀಟಿ ಬರೆದುಕೊಟ್ಟಿದ್ದರು. ಆ ಚೀಟಿಯನ್ನು ಮಗಳು ಇವತ್ತು ನಾಳೆ ಎಂದು ಬಹಳ ದಿನ ಚೀಲದಲ್ಲೇ ಇಟ್ಟುಕೊಂಡು ಓಡಾಡಿದಳು. "ಅಮ್ಮಂದೇ ನಂಗೂ ಬಂದಿದ್ರೆ ಏನಪ್ಪಾ ಮಾಡೋದು? ಮಗು ಗತಿ?" ಎಂದು ಒಂದು ಸಂಜೆ ಕೇಳಿದ್ದಳು. ಕಡೆಗೆ ಗಂಡನೇ ಜೊತೆಗೆ ನಿಂತು ರಕ್ತ ಕೊಡಿಸಿದ್ದ. ಲ್ಯಾಬಿನವರಲ್ಲಿ ಮೊದಲಿನಿಂದ ಇದ್ದದ್ದು ಮಾಸ್ತರರ ನಂಬರು. ವರದಿ ಅವರಿಗೇ ಬಂತು. ಅವರಿಗೆ ಗೊತ್ತಿದ್ದದ್ದು ಹಳೆಯ ಮಾತುಕತೆಯೊಂದೇ. ಅದನ್ನೇ ತೆರೆದು, ಕೊನೆಯ ಸಾಲಿನ ಕೆಳಗೆ ಮಗಳ ಅಂಕೆಗಳನ್ನು ಬರೆದುಬಿಟ್ಟಿದ್ದರು.

ಹಿಂದಿನ ವರದಿ ಯಾರದು ಎಂಬ ಪ್ರಶ್ನೆ ಮನಸ್ಸಿನ ಮೂಲೆಯಲ್ಲಿ ಒಮ್ಮೆ ಮಿಸುಕಾಡದೆ ಇರಲಿಲ್ಲ. ಆದರೆ ಸಹಜ ಎಂದರೆ ಸಹಜ ತಾನೇ? ಲ್ಯಾಬಿನ ಕಾಗದದಲ್ಲಿ ಅಚ್ಚಾಗಿದ್ದ ಮಿತಿಯೊಳಗೂ ಇತ್ತು. ಮಾಸ್ತರರು ಮೊಬೈಲನ್ನು ಜೇಬಿಗೆ ಹಾಕಿಕೊಂಡು, ಎಂದೂ ಇಲ್ಲದ ಹುರುಪಿನಿಂದ ತಿರುಪು ಬಿಗಿಯತೊಡಗಿದರು.

ಮಗಳು ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೆಲಸ ಮಾಡುತ್ತಿದ್ದಳು. ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಮಾಸ್ತರರು ಬಾಗಿಲಿಗೆ ಹೋಗಿ ನಿಂತಿದ್ದರು.

"ಬಂತಮ್ಮ ವರದಿ. ಎಲ್ಲಾ ಚೆನ್ನಾಗಿದೆ. ಕಾಂಪೌಂಡರು ಬಹಳ ಒಳ್ಳೆಯ ಸುದ್ದಿ ಅಂದ."

ಮಗಳು ಚೀಲ ಕೆಳಗಿಟ್ಟು ಕುರ್ಚಿಯಲ್ಲಿ ಕೂತಳು. ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಅತ್ತಳೋ ನಕ್ಕಳೋ ತಿಳಿಯದಂತೆ ಭುಜ ಕುಲುಕಿದಳು. ಬೇಕರಿಯ ರಾತ್ರಿ ಕೆಲಸಕ್ಕೆ ಹೊರಟಿದ್ದ ಅಳಿಯ ಅಂಗಿಗೆ ಒಂದು ತೋಳು ತೂರಿಸಿದವನು ಇನ್ನೊಂದು ತೋಳನ್ನು ಮರೆತೇಬಿಟ್ಟ.

"ನಾನು ಹೇಳ್ಲಿಲ್ವಾ? ಸುಮ್ನೆ ತಲೆ ಕೆಡಿಸ್ಕೊಂಡೆ" ಎಂದ.

"ನೀವೇನ್ ಹೇಳಿದ್ರಿ? ನಿನ್ನೆ ನನಗಿಂತ ನೀವೇ ನಡುಗ್ತಿದ್ರಿ, ಸೂಜಿ ನೋಡಿ." ಮಗಳು ಮುಖ ಒರೆಸಿಕೊಂಡಳು. "ಹಾಗಾದ್ರೆ ನಾಳೆ ಡಾಕ್ಟರ ಹತ್ರ ಹೋಗೋದು ಬೇಡ. ಮುಂದಿನ ತಿಂಗಳು ಹೇಗೂ ಹೋಗ್ಬೇಕಲ್ಲ, ಆಗ ತೋರಿಸಿದ್ರಾಯ್ತು. ಒಂದು ರಜೆ ಉಳೀತು. ಎಲ್ಲಿ ಕೊಡಪ್ಪ, ನಾನೂ ಓದ್ತೀನಿ. ಒಳ್ಳೇದನ್ನ ಕಣ್ಣಾರೆ ನೋಡೋಣ."

ಮಾಸ್ತರರು ಮೊಬೈಲು ಕೊಟ್ಟರು. ಮಗಳು ಓದುತ್ತ ಮೊದಲು ಹಗುರವಾಗಿ ನಕ್ಕಳು. ಹೆಬ್ಬೆರಳಿನಿಂದ ಪರದೆಯನ್ನು ಮೇಲೆ ಸರಿಸುತ್ತ ಹೋದವಳು ಒಂದು ಕಡೆ ನಿಂತಳು. ನಗು ಮುಖದಲ್ಲೇ ಆರಿತು.

"ಅಪ್ಪ, ನೀನು ಇದನ್ನ ಪೂರ್ತಿ ಓದಿದ್ಯಾ?"

"ಓದಿದೆ. ಒಳ್ಳೆಯ ಸುದ್ದಿ ಅಂತ ಇದೆಯಲ್ಲ."

"ಅದರ ಕೆಳಗೆ?"

ಕೆಳಗೆ ಅವರು ಹೋಗಿರಲಿಲ್ಲ. ಮಗಳು ಗಟ್ಟಿಯಾಗಿ ಓದಿದಳು: "'ಆದರೆ ಇಷ್ಟು ದೊಡ್ಡ ಇಳಿತ ಅಪರೂಪ. ಇದು ಅವರದೇ ವರದಿಯೇ, ಅಥವಾ ಬೇರೊಬ್ಬರದೇ? ವಯಸ್ಸು, ಬಸಿರು ಮುಂತಾದವಕ್ಕೆ ತಕ್ಕಂತೆ ಸಹಜ ಮಿತಿ ಬೇರೆಯಾಗುತ್ತದೆ. ದಯವಿಟ್ಟು ಖಚಿತಪಡಿಸಿ.'"

ಅಳಿಯ ಇನ್ನೊಂದು ತೋಳನ್ನು ಮೆಲ್ಲಗೆ ತೂರಿಸಿಕೊಂಡ.

"ಅಂಗಡಿಯವರಿಗೆಲ್ಲ ಏನಂತ ಬಯ್ತೀಯಪ್ಪ ನೀನು?" ಮಗಳು ತಂದೆಯನ್ನೇ ನೋಡುತ್ತ ಕೇಳಿದಳು. "ತಟ್ಟೆ ಖಾಲಿ ಮಾಡಿ, ಸೊನ್ನೆಗೆ ತಂದು, ಆಮೇಲೆ ತೂಗ್ರೋ ಅಂತ. ಈಗ ನೀನೇ ಅಮ್ಮನ ಮೇಲೆ ನನ್ನ ಇಟ್ಟು ತೂಗಿದೀಯಲ್ಲ!"

ಮಾತು ಚುಚ್ಚುವ ಹಾಗಿದ್ದರೂ ಸ್ವರ ಹಾಗಿರಲಿಲ್ಲ. ಮಾಸ್ತರರು ತಲೆ ತಗ್ಗಿಸಿದರು. ಆ ಹಳೆಯ ಮಾತುಕತೆಯಲ್ಲಿ ಹೆಂಡತಿ ಇನ್ನೂ ಪಥ್ಯದಲ್ಲಿದ್ದಳು, ಇನ್ನೂ ಉಪ್ಪಿಗಾಗಿ ಹಟ ಮಾಡುತ್ತಿದ್ದಳು. ಮಧ್ಯಾಹ್ನ ಅದನ್ನು ತೆರೆದಾಗ, ಮುಚ್ಚಿದ್ದ ಕೋಣೆಯ ಕದ ತೆರೆದು ಆಕೆ ಮಲಗಿರುವುದನ್ನು ಕಂಡು ಬಂದಷ್ಟು ಸಮಾಧಾನವಾಗಿತ್ತು. ಅದನ್ನು ಮಗಳಿಗೆ ಹೇಗೆ ಹೇಳುವುದು?

ಮಗಳು ಮೊಬೈಲನ್ನು ಅವರ ಕೈಗೇ ಇಟ್ಟಳು. "ಕೇಳಿದಾನಲ್ಲ. ಉತ್ತರ ನೀನೇ ಬರಿ."

ಮಾಸ್ತರರು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. 'ಅಲ್ಲ. ಅವರು ತೀರಿಕೊಂಡರು. ಇದು ನಮ್ಮ ಮಗಳದು' ಎಂದು ಬರೆದರು. ಬರೆದದ್ದನ್ನು ಕಳಿಸದೆ ಬಹಳ ಹೊತ್ತು ನೋಡುತ್ತ ಕುಳಿತರು. ಮಗಳು ಅವಸರ ಮಾಡಲಿಲ್ಲ. ಕೊನೆಗೆ "ಭಗವಂತಾ" ಎಂದು ಒತ್ತಿದರು.

ಉತ್ತರ ತಕ್ಷಣ ಬಂತು. ಸಂತಾಪದ ಎರಡು ಮಾತು. ಆಮೇಲೆ, ಮಗಳ ಅಂಕೆಗಳನ್ನು ತಾಯಿಯ ಅಂಕೆಗಳೊಂದಿಗೆ ಹೋಲಿಸಿದ್ದು ಸರಿಯಲ್ಲ, ಬೇರೆಯದೇ ಮಾತುಕತೆ ಶುರುಮಾಡಿ ಎಲ್ಲ ವಿವರ ಕೊಡಿ ಎಂಬ ಸಲಹೆ. ಹೊಸದೊಂದನ್ನು ತೆರೆಯುವುದನ್ನು ಮಗಳೇ ತೋರಿಸಿಕೊಟ್ಟಳು. ಬಿಳಿಯ ಪರದೆ ಬಂತು. ಅದರಲ್ಲಿ ವಯಸ್ಸು, ತಿಂಗಳು, ತಾಯಿಯ ಕಾಯಿಲೆ ಎಲ್ಲವನ್ನೂ ಬರೆದು ಕೇಳಿದರು. ಈ ಸಲ ಮಾಸ್ತರರು ಕೊನೆಯ ಅಕ್ಷರದವರೆಗೆ ಓದಿದರು. ಬಸುರಿಯರಲ್ಲಿ ಈ ಅಂಕೆ ಸಾಮಾನ್ಯವಾಗಿ ಇಳಿದಿರುತ್ತದೆ; ಲ್ಯಾಬಿನ ಕಾಗದದಲ್ಲಿರುವ ಮಿತಿ ಬಸುರಿಯರಿಗೆಂದು ಮಾಡಿದ್ದಲ್ಲದಿರಬಹುದು; ಇವರದು ಬಸಿರಿನ ಲೆಕ್ಕಕ್ಕೆ ಸ್ವಲ್ಪ ಹೆಚ್ಚೇ. ಒಂದೇ ಅಂಕೆಯಿಂದ ಕಾಯಿಲೆ ಎಂದು ತೀರ್ಮಾನಿಸಲಾಗದು. ಆದರೆ ಮುಂದಿನ ತಿಂಗಳಿಗೆ ಬಿಡಬೇಡಿ, ಬೇಗ ವೈದ್ಯರಿಗೆ ತೋರಿಸಿ.

"ರಜೆ ಹೋಯ್ತು" ಎಂದಳು ಮಗಳು. ಧ್ವನಿ ಸಣ್ಣದಾಗಿತ್ತು. ಅಳಿಯ ಅಂದು ಬೇಕರಿಗೆ ಹೋಗಲಿಲ್ಲ.

ಮರುದಿನ ಡಾಕ್ಟರಮ್ಮ ಕಾಗದ ನೋಡಿದರು, ರಕ್ತದ ಒತ್ತಡ ನೋಡಿದರು, ಮೂತ್ರದ ಪರೀಕ್ಷೆ ಮಾಡಿಸಿದರು. ಅದರಲ್ಲಿ ಮೂತ್ರಪಿಂಡ ಕೆಟ್ಟಿದ್ದರೆ ಕಾಣುವ ಪ್ರೋಟೀನೂ ಇರಲಿಲ್ಲ, ಸೋಂಕೂ ಇರಲಿಲ್ಲ. ಮಾಸ್ತರರು ಮನಸ್ಸಿನೊಳಗೇ ದೇವರ ನಾಮ ಹೇಳುತ್ತಿದ್ದರು.

"ದಿನಕ್ಕೆ ನೀರೆಷ್ಟಮ್ಮ ಕುಡಿಯೋದು?" ಎಂದರು ಡಾಕ್ಟರಮ್ಮ.

ಮಗಳು ನೆಲ ನೋಡಿದಳು. "ಬೆಳಿಗ್ಗೆ ಒಂದು ಲೋಟ. ಆಮೇಲೆ ಮನೆಗೆ ಬಂದ್ಮೇಲೆ."

"ನಡುವೆ?"

"ನಡುವೆ ಕುಡಿದ್ರೆ ಎದ್ದು ಹೋಗ್ಬೇಕಾಗುತ್ತೆ ಮೇಡಂ. ಕಿಟಕಿ ಮುಚ್ಚಿದ್ರೆ ಕ್ಯೂನಲ್ಲಿರೋರು ಕಿರುಚ್ತಾರೆ. ಶೌಚಾಲಯ ಆ ಕೊನೇಲಿದೆ. ಕಿಟಕೀಲಿ ಕೂರೋ ನಾವ್ಯಾರೂ ಕುಡಿಯಲ್ಲ."

"ಚೆನ್ನಾಗಿದೆ! ಬಸ್ಸಿಗೆ ಡೀಸೆಲ್ ಹಾಕದೆ ಓಡ್ಸಿ ಅಂತೀರಾ ನೀವು?" ಡಾಕ್ಟರಮ್ಮನ ಕೋಪ ನೋಡಿ ಅಳಿಯ ಕುರ್ಚಿಯಲ್ಲೇ ಕುಗ್ಗಿದ. "ನೀರು ಕಡಿಮೆಯಾದ್ರೂ ಈ ಅಂಕೆ ಏರುತ್ತೆ. ಆದ್ರೆ ಇದೇ ಕಾರಣ ಅಂತ ನಾನೀಗ ಹೇಳಲ್ಲ. ವಾರ ಪೂರ್ತಿ ಸರಿಯಾಗಿ ನೀರು ಕುಡೀರಿ, ಮತ್ತೆ ರಕ್ತ ಕೊಡಿ. ಆಮೇಲೆ ನೋಡೋಣ. ತಡಮಾಡದೆ ಬಂದಿದ್ದು ಒಳ್ಳೇದಾಯ್ತು."

ಹೊರಗೆ ಬಂದಾಗ ಅಳಿಯ, "ಮೂಟೆ ಹಿಟ್ಟಿಗೆ ಎಷ್ಟು ನೀರು ಅಂತ ಕೇಳಿ ಮಾವ, ನಿದ್ದೇಲೂ ಹೇಳ್ತೀನಿ. ಹೆಂಡತಿ ಕುಡಿದಳಾ ಅಂತ ಮಾತ್ರ ಒಂದು ದಿನ ಕೇಳಿಲ್ಲ ನೋಡಿ" ಎಂದ. ಅವನ ಕಣ್ಣು ತುಂಬಿದ್ದನ್ನು ಕಂಡು ಮಾಸ್ತರರು ಅವನ ಬೆನ್ನು ತಟ್ಟಿದರು.

ಎರಡನೆಯ ಸಲದ ವರದಿ ಬಂದಾಗ ಮಾಸ್ತರರು ಅಂಗಡಿಯೊಂದರಲ್ಲಿ ಬಗ್ಗಿ ಕುಳಿತು ತಕ್ಕಡಿ ಸರಿಮಾಡುತ್ತಿದ್ದರು. ಅಂಕೆ ಇಳಿದಿತ್ತು. ಇಳಿದದ್ದು ಸಾಕು ಎಂದು ತಾವೇ ತೀರ್ಮಾನಿಸದೆ, ಮಗಳ ಹೊಸ ಮಾತುಕತೆಯಲ್ಲಿ ಬರೆದು ಕೇಳಿದರು. ಉತ್ತರವನ್ನು ಕೊನೆಯವರೆಗೆ ಓದಿದರು. ಅಷ್ಟಕ್ಕೂ ಬಿಡದೆ ಡಾಕ್ಟರಮ್ಮನಿಗೆ ಫೋನು ಮಾಡಿದರು. "ಬಸುರಿಗೆ ಇರಬೇಕಾದಷ್ಟೇ ಇದೆ. ಪ್ರತಿ ತಿಂಗಳೂ ನೋಡ್ತಾ ಇರೋಣ. ಹೋಗಿ ಮಗಳಿಗೆ ಹೇಳಿ, ನಿಶ್ಚಿಂತೆಯಾಗಿರ್ಲಿ" ಎಂದರು ಅವರು.

ಫೋನಿನಲ್ಲೇ ಹೇಳಬಹುದಿತ್ತು. ಮಾಸ್ತರರಿಗೆ ಮನಸ್ಸು ಬರಲಿಲ್ಲ. ಅವಸರದಿಂದ ಬಸ್ ನಿಲ್ದಾಣಕ್ಕೆ ನಡೆದರು. ಮಗಳ ಕಿಟಕಿಯ ಮುಂದೆ ಉದ್ದನೆಯ ಸಾಲಿತ್ತು. ಮುಂದೆ ನುಗ್ಗಿದರೆ ಜನ ಸುಮ್ಮನಿರುತ್ತಾರೆಯೇ? ಸಾಲಿನ ಬಾಲಕ್ಕೆ ಹೋಗಿ ನಿಂತರು.

ಸಾಲು ಅರ್ಧ ಸರಿದಿತ್ತು. ಅಷ್ಟರಲ್ಲಿ ಕಿಟಕಿಯ ಗಾಜಿನ ಹಿಂದೆ 'ಸ್ವಲ್ಪ ನಿಲ್ಲಿ' ಎಂಬ ರಟ್ಟಿನ ಫಲಕ ಬಂದು ಕುಳಿತಿತು.

"ಈಗ ಏನಂತೆ ಇವಳಿಗೆ?" ಎಂದು ಮುಂದಿದ್ದವನು ಗೊಣಗಿದ.

"ನೀರು ಕುಡೀತಾಳಂತೆ ಕಣಯ್ಯ" ಎಂದರು ಮಾಸ್ತರರು. "ತಡಿ. ಏನೂ ಅವಸರವಿಲ್ಲ."

ಗಾಜಿನ ಆಚೆ ಮಗಳು ಕತ್ತು ಹಿಂದಕ್ಕೆ ಚೆಲ್ಲಿ, ದೊಡ್ಡ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಯಾರ ಕಡೆಗೂ ನೋಡದೆ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು.