ನಮ್ಮನೆ ಜಗಳ ಕಾರ್ಟೂನಿಗೆ ಹೋದದ್ದು

ನಮ್ಮ ಮನೆಯಲ್ಲಿ ಎರಡು ಕಾರ್ಟೂನಿಗೆ ಎರಡು ಪಕ್ಷ. ನನ್ನ ಯಜಮಾನರು ಪುಟ್ಟಸ್ವಾಮಿಯವರದ್ದು ‘ಮುಕುಂದಪ್ಪನ ಸಂಸಾರ’. ನನ್ನದು ‘ಏಳು ಜನ ಎಂಟು ಮಾತು’. ಎರಡೂ ಕಿತ್ತಾಡುವ ಮನೆಗಳ ಕಥೆಯೇ, ಎರಡೂ ಮುಗಿಯುವ ಲಕ್ಷಣವಿಲ್ಲ. ಮುಕುಂದಪ್ಪ ಟಿವಿಗೆ ಬಂದು ಹದಿನಾಲ್ಕು ವರ್ಷವಾಯಿತು. ಅಷ್ಟರಲ್ಲಿ ನಮ್ಮ ಹರ್ಷವರ್ಧನ್ ಕಾಲೇಜು ಮುಗಿಸಿ, ಹಾಸನದಲ್ಲಿ ಕೆಲಸ ಹಿಡಿದು, ಹಿರೀಸಾವೆಯ ಅನುಶ್ರೀಯನ್ನು ಮದುವೆಯಾಗಿ ಮನೆ ತುಂಬಿಸಿಕೊಂಡ. ಮುಕುಂದಪ್ಪನ ಮಗ ಮಾತ್ರ ಇನ್ನೂ ಮೂರನೇ ಕ್ಲಾಸಿನಲ್ಲೇ ಕೂತಿದ್ದಾನೆ.

ಮುಕುಂದಪ್ಪ ಪೆದ್ದ, ಹೆಂಡತಿ ಜಾಣೆ. ಇಪ್ಪತ್ತು ನಿಮಿಷ ಮನೆ ರಣರಂಗ ಮಾಡಿ, ಇಪ್ಪತ್ತೊಂದನೇ ನಿಮಿಷಕ್ಕೆ ಎಲ್ಲರೂ ಸಾಲಾಗಿ ಕೂತು ಮುದ್ದೆ ಉಣ್ಣುತ್ತಾರೆ. ಯಾರ ಮನೆಯಲ್ಲಿ ಸ್ವಾಮಿ ಹೀಗೆ ನಡೆಯುತ್ತೆ? ‘ಏಳು ಜನ’ ಹಾಗಲ್ಲ. ಹೊಳೆನರಸೀಪುರದ ಹುಡುಗರು ನಮ್ಮ ಕಡೆ ಮಾತಿನಲ್ಲೇ ಮಾಡಿ, ಪ್ರತಿ ಭಾನುವಾರ ಸಂಜೆ ಆರಕ್ಕೆ ಯೂಟ್ಯೂಬಿಗೆ ಹಾಕುತ್ತಾರೆ. ಒಂಬತ್ತು ವರ್ಷದಿಂದ ಅದರಲ್ಲಿ ಯಾರೂ ಯಾರ ಜೊತೆಗೂ ರಾಜಿಯಾಗಿಲ್ಲ. ಕೊನೆಗೆ ಒಬ್ಬರು ದಢಾರನೆ ಬಾಗಿಲು ಹಾಕಿಕೊಳ್ಳುತ್ತಾರೆ, ಕೊಟ್ಟಿಗೆಯ ಹಸು ಮೆಲುಕು ಹಾಕುತ್ತಾ ನಮ್ಮನ್ನು ನೋಡುತ್ತದೆ, ಅಲ್ಲಿಗೆ ಮುಗಿಯಿತು. ನನಗೆ ಇದೇ ನಿಜ ಅನ್ನಿಸುತ್ತಿತ್ತು. ನಾನೂ ಯಜಮಾನರೂ ಮಾತು ಬಿಟ್ಟು ಆರು ವರ್ಷವಾಗಿದೆಯಲ್ಲ.

ಕಾರಣ ಹೇಳಿಬಿಡುತ್ತೇನೆ, ಮುಚ್ಚಿಡುವಂಥದ್ದೇನಲ್ಲ. ನನ್ನಪ್ಪ ಮದುವೆಯಲ್ಲಿ ಕೊಟ್ಟ ಹಸುವಿನ ವಂಶದ್ದು ಒಂದು ಹಸು ಇತ್ತು. ನಾನು ಮಲ್ಲಿಪಟ್ಟಣದ ತಂಗಿ ಮನೆಗೆ ಹೋಗಿದ್ದಾಗ, ಒಂದು ಮಾತೂ ಕೇಳದೆ ಚನ್ನರಾಯಪಟ್ಟಣದ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿಬಿಟ್ಟರು. ಕರು ಕೆಂಪಿ ಮಾತ್ರ ಉಳಿಯಿತು. ಅವತ್ತಿಂದ ಅವರಿಗೆ ಏನು ಹೇಳುವುದಿದ್ದರೂ ಅನುಶ್ರೀ ಮೂಲಕವೇ. “ನಿಮ್ಮ ಮಾವಂಗೆ ಏಳಮ್ಮಾ, ಉಣ್ಣಕ್ ಬರ್ಬೇಕು ಅಂತ” ಅಂತ ನಾನು. “ನಿಮ್ಮತ್ತೆಗೆ ಏಳಮ್ಮಾ, ಬತ್ತೀನಿ ಅಂತ” ಅಂತ ಅವರು. ಇಬ್ಬರೂ ಇರುವುದು ಒಂದೇ ನಡುಮನೆಯಲ್ಲಿ. ಆ ಹುಡುಗಿ ಒಂದು ದಿನವೂ ಮುಖ ಸಿಂಡರಿಸಿದವಳಲ್ಲ.

ಇನ್ನು ಕೆಂಪಿ. ಈಗ ಅದೂ ಹಾಲು ಕೊಡುವ ಹಸು. ಮಾತಾಡಿಸುತ್ತಾ ಕರೆದರೇನೇ ಅದು ಹಾಲು ಇಳಿಸುವುದು, ಸುಮ್ಮನೆ ಕೂತರೆ ಒದೆಯುತ್ತದೆ. ಹಾಗಾಗಿ ಬೆಳಗ್ಗೆ ಡೈರಿಗೆ ಹೊರಡುವ ಮುಂಚೆ ಅದಕ್ಕೆ ನನ್ನ ಕಷ್ಟಸುಖ ಹೇಳಿಕೊಳ್ಳುವುದು ರೂಢಿ. ಯಜಮಾನರು ಆ ಹೊತ್ತಿಗೆ ಹಿತ್ತಲಲ್ಲಿ ಬೇವಿನಕಡ್ಡಿ ಜಗಿಯುತ್ತಾ ಇರುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಎರಡು ತಿಂಗಳ ಹಿಂದೆ ‘ಏಳು ಜನ’ದ ಅಜ್ಜಿ, ಸಕ್ಕರೆ ಕಾಯಿಲೆ ಇಟ್ಟುಕೊಂಡು, ಬೂಸದ ಮೂಟೆಯೊಳಗೆ ಬೆಲ್ಲದ ಅಚ್ಚು ಬಚ್ಚಿಟ್ಟು ತಿಂದಳು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಣ್ಣು ಒರೆಸಿಕೊಳ್ಳುವಾಗ ಹೊಳೆಯಿತು, ಅರೆ, ಬೂಸದ ಮೂಟೆಯಲ್ಲಿ ಬೆಲ್ಲ ಇಡುವವಳು ನಾನಲ್ಲವೇ! ಎರಡು ವಾರ ಬಿಟ್ಟು ಅದೇ ಅಜ್ಜಿ, ನಾದಿನಿ ಬರುವ ಸುದ್ದಿ ಕೇಳಿದ ತಕ್ಷಣ ಮಂಡಿಗೆ ಬಟ್ಟೆ ಸುತ್ತಿಕೊಂಡು ಮಲಗಿದಳು. ಅದೂ ನಾನೇ. ಕಾರ್ಟೂನಿನ ಕೊನೆಯಲ್ಲಿ ಒಂದು ನಂಬರ್ ಬರುತ್ತದೆ. ನಿಮ್ಮ ಮನೆ ಜಗಳವಿದ್ದರೆ ಮಾತಾಡಿ ಕಳಿಸಿ, ಹೆಸರು ಹೇಳುವುದಿಲ್ಲ ಅಂತ. ನಮ್ಮನೆಯಿಂದ ಯಾರೋ ಕಳಿಸುತ್ತಿದ್ದಾರೆ!

ಯಾರು? ಮಗ ಹಾಸನದ ಬಸ್ಸಿಗೆ ಏಳಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ, ಅವನಿಗೆ ಬೆಲ್ಲ ಎಲ್ಲಿದೆ ಅಂತ ಏನು ಗೊತ್ತು. ಯಜಮಾನರು ‘ಏಳು ಜನ’ ಶುರುವಾದರೆ ಮೂಗು ಮುರಿದು ಎದ್ದು ಹೋಗುವವರು. ಸಾಲದ್ದಕ್ಕೆ ನನ್ನ ಬಾಯಿಂದ ಆರು ವರ್ಷ ನೇರವಾಗಿ ಒಂದು ಮಾತು ಕೇಳದ ಮನುಷ್ಯ, ಅವರ ಹತ್ತಿರ ಕಳಿಸಲು ಏನಿದೆ? ಉಳಿದವಳು ಅನುಶ್ರೀ. ಇಡೀ ಮನೆಯ ಮಾತು ಹಾದುಹೋಗುವುದು ಅವಳ ಬಾಯಿಂದಲೇ. ಕೈಯಲ್ಲಿ ಯಾವಾಗಲೂ ಫೋನು. ನಾನು ಹೋದರೆ ಪರದೆ ಆರಿಸುತ್ತಾಳೆ. ಮೊದಲೂ ಆರಿಸುತ್ತಿದ್ದಳೇನೋ, ನಾನು ಗಮನಿಸಲು ಶುರು ಮಾಡಿದ್ದು ಈಗ.

ಬುಧವಾರ ಒಂದು ಬಲೆ ಹಾಕಿದೆ. ಅವಳೊಬ್ಬಳಿಗೇ ಕೇಳುವ ಹಾಗೆ, “ಆರ್ ತಿಂಗ್ಳು ಮಲ್ಲಿಪಟ್ಟಣಕ್ಕೆ ಓಗಿ ತಂಗಿ ಮನೇಲೇ ಇದ್ಬುಡಾನ ಅಂತಿವ್ನಿ. ಯಾರ್ಗೂ ಏಳ್ಬ್ಯಾಡ” ಅಂದೆ. ಶುದ್ಧ ಸುಳ್ಳು. ಭಾನುವಾರ ಆ ಅಜ್ಜಿ ತಂಗಿ ಮನೆಗೆ ಗಂಟು ಕಟ್ಟಿದರೆ ಕಳ್ಳಿ ಸಿಕ್ಕಿದ ಹಾಗೆ. ಆದರೆ ಶುಕ್ರವಾರ ಮಧ್ಯಾಹ್ನವೇ ಕೋಣೆಯ ಬಾಗಿಲ ಹಿಂದೆ ಅವಳು ಪಿಸುಗುಡುವುದು ಕೇಳಿಸಿತು. “ಆರ್ ತಿಂಗ್ಳಂತೆ...” ಭಾನುವಾರದ ತನಕ ಕಾಯುವ ತಾಳ್ಮೆ ನನಗೆಲ್ಲಿಂದ ಬರಬೇಕು?

“ಮನೆ ಮಾತ ಕಾರ್ಟೂನ್ಗೆ ಕಳ್ಸಿ ಊರ್ಗೆಲ್ಲಾ ಹಂಚ್ತೀಯೇನೇ?” ಅಂತ ಬಾಗಿಲು ತಳ್ಳಿದೆ.

“ನಾನ್ ಏನೂ ಕಳ್ಸಿಲ್ಲ ಅತ್ತೆ. ನನ್ನಾಣೆ.”

“ಮತ್ಯಾರು, ಕೆಂಪಿ ಕಳ್ಸುತ್ತಾ? ಸಾಕು. ಸೋಮಾರ್ದಿಂದ ಒಲೆ ಬ್ಯಾರೆ. ನಿನ್ ಅಡ್ಗೆ ನಿಂಗೆ, ನನ್ ಅಡ್ಗೆ ನಂಗೆ.”

ಒಲೆ ಬೇರೆಯಾದರೆ ಮನೆ ಎರಡಾದ ಹಾಗೆಯೇ, ಅದು ಅವಳಿಗೂ ಗೊತ್ತು. ಅತ್ತಳು, ಆದರೆ ವಾದ ಮಾಡಲಿಲ್ಲ. ಶನಿವಾರ ಹರ್ಷವರ್ಧನ್ ಹಾಸನದಿಂದ ಒಂದು ಗ್ಯಾಸ್ ಸ್ಟೌ ತಂದು, ಬಾಕ್ಸ್ ಸಮೇತ ಗೋಡೆಗೆ ಒರಗಿಸಿದ. ನನ್ನ ಮುಖ ನೋಡಲಿಲ್ಲ. ನಾನು ಹೇಳಿದ್ದೇ ಆಯಿತು, ಆದರೂ ಆ ಬಾಕ್ಸ್ ಕಣ್ಣಿಗೆ ಬಿದ್ದಾಗಲೆಲ್ಲ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದೆ.

ಭಾನುವಾರ ಆರಕ್ಕೆ ಟಿವಿಯಲ್ಲಿ ಯೂಟ್ಯೂಬ್ ಹಾಕಿದೆವು. ಅನುಶ್ರೀ ಅಡುಗೆಮನೆ ಬಾಗಿಲಲ್ಲಿ ಕೂತಳು. ಮಗ ಇನ್ನೂ ಹೊರಗಿದ್ದ. ಆಶ್ಚರ್ಯವೆಂದರೆ ಯಜಮಾನರು ಅವತ್ತು ಎದ್ದು ಹೋಗಲಿಲ್ಲ, ಟವೆಲನ್ನು ಹಿಂಡುತ್ತಾ ಕೂತೇ ಇದ್ದರು. ಒಣಗಿದ ಟವೆಲು.

ಮಲ್ಲಿಪಟ್ಟಣದ ಸುದ್ದಿಯೇ ಬರಲಿಲ್ಲ. ಅಜ್ಜಿ ಕೊಟ್ಟಿಗೆಯಲ್ಲಿ ಕೂತು ಹಾಲು ಕರೆಯುತ್ತಾ ಹಸುವಿಗೆ ಹೇಳಿದಳು: “ಸಂತೆಗ್ ಹೊಡ್ಕೊಂಡೋಗ ಮುಂಚೆ ಒಂದ್ ಮಾತು ಕೇಳಿದ್ರೆ, ನಾನೇ ಅಗ್ಗ ಬಿಚ್ಚಿ ಕೈಗ್ ಕೊಡ್ತಿದ್ದೆ ಕಣವ್ವಾ. ಕೇಳ್ನಿಲ್ವಲ್ಲ, ಅದು ನೋವು.”

ಅದು ನನ್ನದೇ ಮಾತು. ಈ ಮಾತನ್ನು ನಾನು ಅನುಶ್ರೀಗೆ ಹೇಳಿಲ್ಲ, ಮಗನಿಗೆ ಹೇಳಿಲ್ಲ, ತಂಗಿಗೂ ಹೇಳಿಲ್ಲ. ಹೇಳಿದ್ದು ಕೆಂಪಿಗೆ ಮಾತ್ರ. ಬೆಲ್ಲದ ವಿಚಾರ, ಮಂಡಿ ವಿಚಾರ ಹೇಳಿಕೊಂಡು ನಕ್ಕಿದ್ದೂ ಅದರ ಹತ್ತಿರವೇ.

ಕಾರ್ಟೂನಿನ ಕೊಟ್ಟಿಗೆಗೂ ನಮ್ಮದರ ಹಾಗೇ ಹಿತ್ತಲ ಕಡೆಗೆ ಒಂದು ಕಿಂಡಿ. ಕಿಂಡಿಯಾಚೆ ಅಜ್ಜ ನಿಂತಿದ್ದ, ಬಾಯಲ್ಲಿ ಬೇವಿನಕಡ್ಡಿ. ಅದನ್ನು ತೆಗೆದು ಹೇಳಿದ: “ಕೇಳ್ಬೇಕಿತ್ತು ಕಣೇ. ತಪ್ಪಾಯ್ತು.” ಅಜ್ಜಿಯ ಕೈ ನಿಂತಿತು. ಅವಳೇನು ಹೇಳುತ್ತಾಳೋ ಅಂತ ನಾನು ಟಿವಿ ಕಡೆಗೆ ಬಾಗಿದೆ. ಹಸು ಮೆಲುಕು ಹಾಕುತ್ತಾ ನಮ್ಮನ್ನು ನೋಡಿತು. ಮುಗಿದೇಹೋಯಿತು.

ಬೇವಿನಕಡ್ಡಿ ಜಗಿಯಲು ಒಬ್ಬ ಮನುಷ್ಯನಿಗೆ ದಿನಾ ಮುಕ್ಕಾಲು ಗಂಟೆ ಯಾಕೆ ಬೇಕು ಅಂತ ಈ ಆರು ವರ್ಷದಲ್ಲಿ ಒಮ್ಮೆಯಾದರೂ ಅನುಮಾನ ಬಂದಿದ್ದರೆ! ಮಾತು ಬಿಟ್ಟವರಿಗೆ ಕಿವಿಯೂ ಇರುವುದಿಲ್ಲ ಅಂದುಕೊಂಡಿದ್ದೆ.

ಯಜಮಾನರು ನನ್ನ ಕಡೆ ನೋಡದೆ ಬಾಯಿ ಬಿಟ್ಟರು. “ಅನುಶ್ರೀ, ನಿಮ್ಮತ್ತೆಗ್ ಏಳಮ್ಮಾ. ಕಳ್ಸಿದ್ದು ನಾನೇ. ಮದ್ಲು ಸುಮ್ನೆ ಒಂದ್ ಕಳ್ಸ್ದೆ. ಅದ್ ನೋಡಿ ಅವ್ಳು ನಕ್ಳು, ಬಾಗ್ಲ್ ಸಂದಿಂದ ನೋಡ್ದೆ. ಆರ್ ವರ್ಷದಲ್ಲಿ ಅವ್ಳು ಅಂಗ್ ನಕ್ಕಿದ್ದು ನಾನ್ ಕಂಡಿರ್ನಿಲ್ಲ. ಅದ್ಕೇ ಇನ್ನೂ ಕಳ್ಸ್ದೆ. ನಿನ್ ಮ್ಯಾಲ್ ಬತ್ತದೆ ಅಂತ ಗೊತ್ತಿರ್ನಿಲ್ಲ ಕಣವ್ವಾ. ಮೊನ್ನೆನೇ ಏಳ್ಬೇಕಿತ್ತು, ಬಾಯ್ ಬರ್ನಿಲ್ಲ.”

ಅನುಶ್ರೀ ಕೂತಲ್ಲೇ ತಲೆ ಅಲ್ಲಾಡಿಸಿದಳು. “ಆ ಮಾತ್ ನಾನ್ ಏಳಲ್ಲ ಮಾವ. ನಾಳೆಯಿಂದ ನನ್ ಒಲೆ ಬ್ಯಾರೆ.”

ಆ ಬಾಕ್ಸಿನ ಕಡೆ ನೋಡಿದೆ. ನ್ಯಾಯವಾಗಿ ಈಗ ಮಾತಾಡಬೇಕಾದವಳು ನಾನು. ಆ ಒಂದು ಮಾತು ಅವರ ಬಾಯಿಂದ ಬರಲಿ ಅಂತ ಆರು ವರ್ಷ ಹಟ ಹಿಡಿದು ಕೂತಿದ್ದೆನಲ್ಲ, ಈಗ ಅದೇ ಮಾತು ನನ್ನ ಬಾಯಿಂದ ಆಚೆ ಬರದು. ಅಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಎದ್ದು ಹೋಗಿ ಅವಳ ಪಕ್ಕ ನೆಲದ ಮೇಲೆ ಕೂತೆ.

“ತಪ್ಪಾಯ್ತು ಕಣಮ್ಮಣ್ಣಿ.”

ಅವಳು ನನ್ನ ಕಡೆ ತಿರುಗಲಿಲ್ಲ. “ಅವತ್ತು ಕೋಣೇಲಿ ಮಲ್ಲಿಪಟ್ಟಣದ ಚಿಕ್ಕಮ್ಮಂಗೆ ಫೋನ್ ಮಾಡಿದ್ದೆ” ಅಂದಳು. “ಅತ್ತೆ ಆರ್ ತಿಂಗ್ಳು ಅಲ್ಗೇ ಬತ್ತಾರಂತೆ, ನಾನೇನ್ ತಪ್ಪು ಮಾಡಿವ್ನಿ, ನೀವಾದ್ರೂ ಕೇಳಿ ಅಂತ.”

ನನ್ನ ಸುಳ್ಳಿಗೆ ಆ ಹುಡುಗಿ ಕಂಗಾಲಾಗಿದ್ದಳು. ಅದನ್ನೇ ಸಾಕ್ಷಿ ಮಾಡಿಕೊಂಡು ನಾನು ಅವಳನ್ನು ಕಳ್ಳಿ ಮಾಡಿದ್ದೆ. ಭೂಮಿಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಅವಳ ಕೈ ಹಿಡಿದುಕೊಂಡು, “ತಪ್ಪಾಯ್ತು ಕಣವ್ವಾ, ಆ ಬಾಕ್ಸು ಬಿಚ್ಬ್ಯಾಡ” ಅಂದೆ. ಎರಡನೇ ಸಲ ಅಷ್ಟು ಕಷ್ಟವಾಗಲಿಲ್ಲ. ಅವಳು ಮೂಗು ಒರೆಸಿಕೊಂಡು, “ನಾಳೆ ಅಂಗ್ಡೀಗ್ ವಾಪಸ್ ಕೊಡಕ್ಕೆ ಇವ್ರಿಗೆ ಏಳ್ತೀನಿ” ಅಂದಳು.

ಆಗ ಓರೆಗಣ್ಣಿಗೆ ಕಂಡಿತು. ಯಜಮಾನರ ಕೈ ಮೆಲ್ಲಗೆ ಜೇಬಿನಿಂದ ಫೋನು ಈಚೆಗೆ ತೆಗೆಯುತ್ತಿತ್ತು. ಮುಂದಿನ ಭಾನುವಾರಕ್ಕೆ ಸರಕು ಸಿಕ್ಕಿತಲ್ಲ!

“ಮದ್ಲು ಆ ಫೋನ್ ಒಳಿಕ್ಕೆ ಮಡ್ಗಿ!” ಅಂತ ರೇಗಿದೆ.

ಅನುಶ್ರೀ ನನ್ನನ್ನು ನೋಡಿದಳು, ಮಾವನನ್ನು ನೋಡಿದಳು. ಅವಳು ಹಾಗೆ ನೋಡಿದ ಮೇಲೇ ನನಗೆ ಗೊತ್ತಾದದ್ದು, ಆ ಮಾತನ್ನು ನಾನು ಅವಳ ಕೈಲಿ ಹೇಳಿಸಿರಲಿಲ್ಲ.

ಯಜಮಾನರ ಕಣ್ಣು ತುಂಬಿಕೊಂಡಿತ್ತು.

“ಮಡುಗ್ದೆ ಕಣೇ” ಅಂದರು.